ಅಮ್ಮನ ವಿಟಮಿನ್ ಡಿ: ಹದಿನಾಲ್ಕಾ, ಇಪ್ಪತ್ಮೂರಾ?

ಹೋದ ತಿಂಗಳು ಅಮ್ಮನ ರಕ್ತಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ 14 ಅಂತ ಬಂತು. ಯಾಕೋ ಅನುಮಾನ ಬಂದು ಅದೇ ವಾರ ಇನ್ನೊಂದು ಲ್ಯಾಬಿನಲ್ಲಿ ಮಾಡಿಸಿದರೆ 23! ನಮ್ಮ ಡಾಕ್ಟರ ಲೆಕ್ಕದಲ್ಲಿ 20ಕ್ಕಿಂತ ಕಡಿಮೆಯಿದ್ದರೆ ಕೊರತೆ. ಅಂದರೆ ಒಂದು ರಿಪೋರ್ಟ್ ಪ್ರಕಾರ ವಾರಕ್ಕೊಂದು 60,000 ಯೂನಿಟ್ಟಿನ ಮಾತ್ರೆ, ಇನ್ನೊಂದರ ಪ್ರಕಾರ ಬೇಡ. "ಯಾವ್ದನ್ನೋ ನಂಬ್ಲಿ?" ಅಂದಳು ಅಮ್ಮ.

ಒಂದೇ ಇನ್‌ಪುಟ್ಟಿಗೆ ಎರಡು ಉತ್ತರ ಬಂದರೆ ನನಗೆ ನಿದ್ದೆ ಬರಲ್ಲ. ಕೂತು ಈ ಪರೀಕ್ಷೆಯ ಇತಿಹಾಸ ಕೆದಕಿದೆ.

ಬಿಸಿಲಿನಿಂದ ಬಂದ ವಿಟಮಿನ್ ಡಿ ಲಿವರಿನಲ್ಲಿ ಬೇರೆ ರೂಪ ತಳೆದು ವಾರಗಟ್ಟಲೆ ರಕ್ತದಲ್ಲಿ ಓಡಾಡುತ್ತೆ. ಲ್ಯಾಬಿನವರು ಅಳೆಯೋದು ಈ ರೂಪವನ್ನೇ. 1968ರಲ್ಲಿ ಇದನ್ನು ಕಂಡುಹಿಡಿದದ್ದು ಅಮೆರಿಕದ ವಿಸ್ಕಾನ್ಸಿನ್‌ನ ಹೆಕ್ಟರ್ ಡಿಲೂಕಾ ತಂಡ. ಆದರೆ ಅಳೆಯೋದು ಹೇಗೆ? ಮಿಲಿಲೀಟರಿಗೆ ಇರೋದೇ ಹತ್ತಿಪ್ಪತ್ತು ನ್ಯಾನೋಗ್ರಾಂ.

1971ರಲ್ಲಿ ಜಾನ್ ಹಡಾಡ್ ಒಂದು ಉಪಾಯ ಮಾಡಿದರು. ಈ ವಿಟಮಿನ್ ಅಂಟಿಕೊಳ್ಳೋ ಪ್ರೋಟೀನನ್ನು ಬಸ್ಸಿನ ಸೀಟು ಅಂದುಕೊಳ್ಳಿ. ವಿಕಿರಣಶೀಲ ಗುರುತು ಹಾಕಿದ ವಿಟಮಿನ್ನನ್ನೂ ರೋಗಿಯದನ್ನೂ ಒಟ್ಟಿಗೆ ಹತ್ತಿಸಿದರೆ ಸೀಟಿಗೆ ಜಗಳ. ಗುರುತಿನವರಿಗೆ ಎಷ್ಟು ಕಡಿಮೆ ಸೀಟು ಸಿಕ್ಕಿತೋ, ರೋಗಿಯಲ್ಲಿ ಅಷ್ಟು ಹೆಚ್ಚು ವಿಟಮಿನ್. 1985ರಲ್ಲಿ ಹಾಲಿಸ್ ಮತ್ತು ನಾಪೋಲಿ ಪ್ರೋಟೀನಿನ ಬದಲು ಪ್ರತಿಕಾಯ ಬಳಸಿದರು. ಆಮೇಲೆ ಬಂದ ಮಷಿನ್ನುಗಳದ್ದೂ ಹೆಚ್ಚುಕಡಿಮೆ ಇದೇ ದಾರಿ. ತೊಂದರೆ ಏನಪ್ಪಾ ಅಂದರೆ, ಕೆಲವು ಪ್ರತಿಕಾಯಗಳು ಡಿ2 ರೂಪವನ್ನು ಸರಿಯಾಗಿ ಗುರುತಿಸೋದೇ ಇಲ್ಲ.

ಮಾಸ್ ಸ್ಪೆಕ್ಟ್ರೋಮೀಟರಿಗೆ ಈ ಸೀಟಿನ ಜಗಳ ಬೇಕಿಲ್ಲ, ಅದು ಅಣುವನ್ನೇ ತೂಗುತ್ತೆ. 1919ರಲ್ಲಿ ಕೇಂಬ್ರಿಜ್‌ನಲ್ಲಿ ಆಸ್ಟನ್ ಕಟ್ಟಿದ ಯಂತ್ರದ ಮೊಮ್ಮಗ ಅನ್ನಿ. ಭಾರದ ಹೈಡ್ರೋಜನ್ ಸೇರಿಸಿ ಮಾಡಿದ ಅದೇ ವಿಟಮಿನ್ನನ್ನು ಗೊತ್ತಿರುವಷ್ಟು ಅಳೆದು ಮೊದಲೇ ಸ್ಯಾಂಪಲ್ಲಿಗೆ ಹಾಕ್ತಾರೆ. ಸೋಸುವಾಗ ಅರ್ಧ ಚೆಲ್ಲಿಹೋದರೂ ಎರಡೂ ಒಂದೇ ಪ್ರಮಾಣದಲ್ಲಿ ಹೋಗ್ತವೆ, ಕೊನೆಗೆ ಅನುಪಾತ ನೋಡಿದರೆ ಸಾಕು. ಇದನ್ನು ಓದಿ ನಾನಂತೂ ಫ್ಲಾಟ್! ಡಿ3 ರೂಪದ ತೂಕ 400, ಡಿ2ದು 412. ಗೊಂದಲವೇ ಇಲ್ಲ.

ಹಾಗಂದುಕೊಂಡಿದ್ದರು... 2006ರಲ್ಲಿ ಮೇಯೋ ಕ್ಲಿನಿಕ್‌ನವರು ವರ್ಷದೊಳಗಿನ ಕೂಸುಗಳ ರಕ್ತದಲ್ಲಿ ಒಂದು ಅವಳಿಯನ್ನು ತೋರಿಸಿದರು. ಅದೇ 400, ಒಂದು ಮೂಲೆ ಮಾತ್ರ ಅತ್ತ ತಿರುಗಿದೆ. ತಕ್ಕಡಿಗೂ ಮೋಸ! ತೂಗುವ ಮೊದಲೇ ಇವೆರಡನ್ನು ಕ್ರೊಮ್ಯಾಟೋಗ್ರಫಿ ಕೊಳವೆಯಲ್ಲಿ ಬೇರ್ಪಡಿಸಬೇಕು. 2009ರಲ್ಲಿ ಅಮೆರಿಕದ ನಿಸ್ಟ್ ಸಂಸ್ಥೆ, ಲ್ಯಾಬುಗಳು ತಾಳೆ ನೋಡಿಕೊಳ್ಳಲಿ ಅಂತ ಅಳತೆ ಗೊತ್ತಿರುವ ಸೀರಂ ಹೊರತಂದಿತು.

ಎರಡೂ ಲ್ಯಾಬಿಗೆ ಫೋನ್ ಮಾಡಿ ಯಾವ ವಿಧಾನ ಅಂತ ಕೇಳಿದೆ. 23 ಕೊಟ್ಟವರು ಮಾಸ್ ಸ್ಪೆಕ್ ಅಂದರು. ಮಾತ್ರೆ ಸದ್ಯಕ್ಕೆ ಬೇಡ, ಮೂರು ತಿಂಗಳು ಬಿಟ್ಟು ಅಲ್ಲೇ ಮತ್ತೆ ಮಾಡಿಸಿ ಅಂದಿದ್ದಾರೆ ಡಾಕ್ಟರು. 14 ಕೊಟ್ಟವರು ಏನಂದರು ಅಂತೀರಾ? "ಮಷಿನ್ ಸಾರ್" :-)