ಮಾನಸೋಲ್ಲಾಸದ ಎರಕವಿಧಾನ

ಆನವಟ್ಟಿಯ ಸಮೀಪದ ಕುಬಟೂರಿನಲ್ಲಿರುವ ಕೈಟಭೇಶ್ವರ ದೇವಾಲಯವು ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳ ಪ್ರಮಾಣಜ್ಞಾನಕ್ಕೆ ಸಾಕ್ಷಿಯಾಗಿದೆ. ಕಲ್ಲಿನಲ್ಲಿ ಸಾಧಿಸಿದ ಈ ಅಳತೆಯನ್ನು ಲೋಹದಲ್ಲಿ ಸಾಧಿಸುತ್ತಿದ್ದ ಬಗೆಯೆಂತು? ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ವು ಇದಕ್ಕೆ ಉತ್ತರವೀಯುತ್ತದೆ.

ನವತಾಲಪ್ರಮಾಣದ ಪ್ರತಿಮೆಯನ್ನು ಮೊದಲು ಮೇಣದಲ್ಲಿ ರಚಿಸಿ, ತೂಗಿ, ಮಣ್ಣನ್ನು ಲೇಪಿಸಿ, ಮೇಣವನ್ನು ಕರಗಿಸಿ ತೆಗೆದು, ಆ ಟೊಳ್ಳಿಗೆ ಲೋಹವನ್ನು ಎರೆಯಬೇಕು. ಮೇಣದ ತೂಕಕ್ಕೆ ಬೆಳ್ಳಿ 12 ಮಡಿ, ಚಿನ್ನ 16 ಮಡಿ ಇರಬೇಕೆಂಬುದು ಗ್ರಂಥದ ವಿಧಿ. ಇಂದಿನ ಗಣನೆಯಂತೆ ಸಮಗಾತ್ರದ ಬೆಳ್ಳಿಯು ಮೇಣದ ಸುಮಾರು 11 ಮಡಿ, ಅಪ್ಪಟ ಚಿನ್ನವು ಸುಮಾರು 20 ಮಡಿ ತೂಗುತ್ತದೆ. ಬೆಳ್ಳಿಗೆ ಈ ವಿಧಿ ಸಾಕು. ಚಿನ್ನದಲ್ಲಿ ಬೆರಕೆಯದಕ್ಕೆ ಮಾತ್ರ ಸಲ್ಲುತ್ತದೆ.

ಆದುದರಿಂದ ತೂಕದ ಸೂತ್ರವು ಲೋಹ ಸಾಲದೆ ಮೂರ್ತಿ ಊನವಾಗದಿರಲೆಂಬ ಎಚ್ಚರಿಕೆಯಷ್ಟೆ. ಅಳತೆಯ ನಿಖರತೆಯಾದರೋ ತಕ್ಕಡಿಯದಲ್ಲ, ಮೇಣವನ್ನು ತಿದ್ದಿದ ಕೈಯದು.