1983ರ ಗೆಲುವು: ಫಲಿತಾಂಶ ಒಂದೇ, ಪತ್ರಿಕೆಗಳ ಕತೆ ಹಲವು

ಚುನಾವಣೆ ಫಲಿತಾಂಶದ ಮರುದಿನ ನಾಲ್ಕು ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಯಾರಿಗೆ ಎಷ್ಟು ಸೀಟು ಎಂಬ ಅಂಕಿ ನಾಲ್ಕರಲ್ಲೂ ಒಂದೇ ಇರುತ್ತದೆ. ಆದರೆ ಯಾಕೆ ಗೆದ್ದರು, ಯಾಕೆ ಸೋತರು ಎಂಬ ಮಾತು ಒಂದೊಂದರಲ್ಲಿ ಒಂದೊಂದು ಥರ. ಅಂಕಿ ಬರುವುದು ಚುನಾವಣಾ ಆಯೋಗದಿಂದ. ‘ಯಾಕೆ’ ಎಂಬುದನ್ನು ಸೇರಿಸುವುದು ಪತ್ರಿಕೆ. ಈ ವ್ಯತ್ಯಾಸ ಅರ್ಥವಾಗಲು ನಮ್ಮ ರಾಜ್ಯದ್ದೇ ಒಂದು ಹಳೆಯ ಚುನಾವಣೆ ತೆಗೆದುಕೊಳ್ಳೋಣ.

1983ರ ಜನವರಿ 5. ಕರ್ನಾಟಕ ಮತ್ತು ಆಂಧ್ರಪ್ರದೇಶ ಎರಡರಲ್ಲೂ ವಿಧಾನಸಭೆಗೆ ಮತದಾನ. ಆಗ ಇವಿಎಂ ಇಲ್ಲ, ಮತಪತ್ರ ಎಣಿಸಬೇಕು. ಹಳ್ಳಿಗಳಿಗೆ ಸುದ್ದಿ ಮೊದಲು ಬರುತ್ತಿದ್ದುದು ರೇಡಿಯೊದಲ್ಲಿ. ವಿವರ ಬೇಕಾದರೆ ಬಸ್ಸಿನಲ್ಲಿ ಬರುವ ಪತ್ರಿಕೆಗೆ ಕಾಯಬೇಕು. ಕರ್ನಾಟಕದ 224 ಸ್ಥಾನಗಳಲ್ಲಿ ಜನತಾ ಪಕ್ಷ 95, ಇಂದಿರಾ ಕಾಂಗ್ರೆಸ್ 82, ಬಿಜೆಪಿ 18 ಗೆದ್ದವು. ಮುಖ್ಯಮಂತ್ರಿ ಆರ್. ಗುಂಡೂರಾವ್ ತಮ್ಮ ಸೋಮವಾರಪೇಟೆ ಕ್ಷೇತ್ರದಲ್ಲೇ ಸೋತರು. ಬಿಜೆಪಿ ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟವು. ಜನವರಿ 10ರಂದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ರಾಜ್ಯಕ್ಕೆ ಅದು ಮೊದಲ ಕಾಂಗ್ರೆಸ್ಸೇತರ ಸರ್ಕಾರ.

ದೆಹಲಿಯಿಂದ ನೋಡಿದಾಗ

ದೆಹಲಿಯಲ್ಲಿ ಕೂತು ಬರೆಯುವವರಿಗೆ ಕರ್ನಾಟಕ ಮತ್ತು ಆಂಧ್ರ ಸೇರಿ ಒಂದೇ ಸುದ್ದಿ: ಇಂದಿರಾ ಗಾಂಧಿಗೆ ದಕ್ಷಿಣದಲ್ಲಿ ಪೆಟ್ಟು. ಹಾಗೆ ನೋಡಲು ಕಾರಣವೂ ಇತ್ತು. 1977ರಲ್ಲಿ ಉತ್ತರ ಭಾರತವೆಲ್ಲ ಕಾಂಗ್ರೆಸ್ಸಿನ ಕೈಬಿಟ್ಟಾಗ ಕರ್ನಾಟಕ 28ರಲ್ಲಿ 26, ಆಂಧ್ರ 42ರಲ್ಲಿ 41 ಲೋಕಸಭಾ ಸ್ಥಾನಗಳನ್ನು ಕೊಟ್ಟಿದ್ದವು. ಮರುವರ್ಷ ಚಿಕ್ಕಮಗಳೂರೇ ಇಂದಿರಾ ಅವರನ್ನು ಮತ್ತೆ ಸಂಸತ್ತಿಗೆ ಕಳಿಸಿತ್ತು. ಅಂಥ ಎರಡು ರಾಜ್ಯಗಳು ಒಂದೇ ಸಲ ಕೈತಪ್ಪಿದರೆ ಅದು ದೇಶದ ಸುದ್ದಿಯೇ ಸರಿ.

ಆದರೆ ಅಷ್ಟು ದೂರದಿಂದ ನೋಡಿದಾಗ ನರಗುಂದ, ನವಲಗುಂದ ಕಾಣುವುದಿಲ್ಲ.

ಹತ್ತಿರದಿಂದ ನೋಡಿದಾಗ

ಕನ್ನಡ ಪತ್ರಿಕೆಗಳ ಓದುಗರಿಗೆ ಈ ಸೋಲು ಜನವರಿ 1983ರಲ್ಲಿ ಶುರುವಾದದ್ದಲ್ಲ. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಿದ್ದರು, ಗೋಲಿಬಾರ್ ಆಗಿತ್ತು. ಅದೇ ಸಿಟ್ಟಿನಿಂದ ರಾಜ್ಯ ರೈತ ಸಂಘ ಬೆಳೆಯಿತು. 1982ರಲ್ಲಿ ಗೋಕಾಕ್ ಚಳವಳಿ, ರಾಜ್‌ಕುಮಾರ್ ಬೀದಿಗಿಳಿದದ್ದು, ಊರೂರಲ್ಲಿ ಸಭೆ. ಇದನ್ನೆಲ್ಲ ಎರಡೂವರೆ ವರ್ಷ ದಿನದಿನ ಓದಿದವನಿಗೆ ಫಲಿತಾಂಶ ಹೊಸ ಕತೆಯಾಗಿರಲಿಲ್ಲ, ಆ ಕತೆಯ ಮುಂದಿನ ಅಧ್ಯಾಯವಾಗಿತ್ತು.

ವಾರಪತ್ರಿಕೆಗಳದ್ದು ಇನ್ನೊಂದು ದಾರಿ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತು ತೆಗೆದುಕೊಳ್ಳದೆ, ಓದುಗರ ದುಡ್ಡಿನ ಮೇಲೆ ನಡೆದ ಪತ್ರಿಕೆ. ಗುಂಡೂರಾವ್ ಸರ್ಕಾರವನ್ನು ಅದು ವಾರವಾರವೂ ಕುಟುಕಿತು, ಗೇಲಿ ಮಾಡಿತು. ಆ ಸರ್ಕಾರ ಬೀಳುವುದರಲ್ಲಿ ಈ ಪತ್ರಿಕೆಯ ಪಾಲೂ ಇದೆ ಎಂದು ಹೇಳುವವರು ಈಗಲೂ ಇದ್ದಾರೆ.

ಇಲ್ಲಿ ಓದುಗ ಗಮನಿಸಬೇಕಾದ ಒಂದು ವಿಷಯವಿದೆ. ಗುಂಡೂರಾವ್ ಅವರಿಗೂ ಪತ್ರಕರ್ತರಿಗೂ ಸರಿ ಇರಲಿಲ್ಲ. ಪತ್ರಕರ್ತರನ್ನು ಅರಬ್ಬಿ ಸಮುದ್ರಕ್ಕೆ ಎಸೆಯಬೇಕು ಎಂದು ಅವರು ಹೇಳಿದರೆಂಬ ಮಾತು ಇಂದಿಗೂ ಪತ್ರಕರ್ತರ ನಡುವೆ ಓಡಾಡುತ್ತದೆ. ಅಂದರೆ ಸೋಲಿನ ಸುದ್ದಿ ಬರೆದವರಿಗೂ ಸೋತವರ ಮೇಲೆ ಮುನಿಸಿತ್ತು. ಮುನಿಸಿದೆ ಎಂದ ಮಾತ್ರಕ್ಕೆ ಬರೆದದ್ದು ಸುಳ್ಳಾಗುವುದಿಲ್ಲ. ಆದರೆ ಓದುವಾಗ ಅದೂ ನೆನಪಿರಬೇಕು.

ಪಕ್ಕದ ಮನೆಯಲ್ಲಿ ‘ಈನಾಡು’

ಆಂಧ್ರದಲ್ಲಿ ಆದದ್ದು ಇನ್ನೂ ದೊಡ್ಡ ಪಾಠ. ಸಿನಿಮಾ ನಟ ಎನ್.ಟಿ. ರಾಮರಾವ್ ತೆಲುಗು ದೇಶಂ ಪಕ್ಷ ಕಟ್ಟಿದ್ದು 1982ರ ಮಾರ್ಚ್‌ನಲ್ಲಿ. ಒಂಬತ್ತೇ ತಿಂಗಳಲ್ಲಿ 294 ಸ್ಥಾನಗಳಲ್ಲಿ ಇನ್ನೂರಕ್ಕೂ ಹೆಚ್ಚು ಗೆದ್ದರು. 1978ರಿಂದ 1983ರೊಳಗೆ ಕಾಂಗ್ರೆಸ್ ಅಲ್ಲಿ ನಾಲ್ವರು ಮುಖ್ಯಮಂತ್ರಿಗಳನ್ನು ಬದಲಿಸಿತ್ತು. ತೆಲುಗರ ಆತ್ಮಗೌರವ ಎಂಬ ರಾಮರಾವ್ ಅವರ ಮಾತು ಜನರಿಗೆ ತಟ್ಟಿತು.

ಆ ಮಾತನ್ನು ಮನೆಮನೆಗೆ ಮುಟ್ಟಿಸಿದ್ದು 1974ರಲ್ಲಿ ವಿಶಾಖಪಟ್ಟಣದಲ್ಲಿ ಶುರುವಾದ ರಾಮೋಜಿ ರಾವ್ ಅವರ ‘ಈನಾಡು’. ಅದು ರಾಮರಾವ್ ಅವರನ್ನು ಬಹಿರಂಗವಾಗಿಯೇ ಬೆಂಬಲಿಸಿತು. ಗೆದ್ದ ದಿನ ಅದಕ್ಕೆ ಈ ಸುದ್ದಿ ಹೊರಗಿನದಾಗಿರಲಿಲ್ಲ, ತನ್ನ ಮನೆಯದ್ದೇ ಆಗಿತ್ತು. ಬೆಂಬಲ ಬಚ್ಚಿಡದಿದ್ದುದರಿಂದ ಪತ್ರಿಕೆ ಎಲ್ಲಿ ನಿಂತಿದೆ ಎಂದು ಓದುಗನಿಗೆ ಗೊತ್ತಿತ್ತು. ಅದಕ್ಕಿಂತ ಕಷ್ಟ, ಎಲ್ಲಿ ನಿಂತಿದೆ ಎಂದು ಹೇಳದೇ ಒಂದು ಕಡೆ ವಾಲುವ ಪತ್ರಿಕೆಯನ್ನು ಓದುವುದು.

ಅದಕ್ಕೂ ಆಚೆ ಹೋದದ್ದು 2009ರ ಮಹಾರಾಷ್ಟ್ರ ಚುನಾವಣೆ. ಒಬ್ಬ ನಾಯಕನನ್ನು ಹೊಗಳುವ ಲೇಖನ ಪೈಪೋಟಿಯ ಪತ್ರಿಕೆಗಳಲ್ಲಿ ಅಕ್ಷರ ಬದಲಾಗದೆ ಬಂದಿದ್ದನ್ನು ಪಿ. ಸಾಯಿನಾಥ್ ತೋರಿಸಿಕೊಟ್ಟರು. ‘ಕಾಸಿಗಾಗಿ ಸುದ್ದಿ’ ದೇಶದಲ್ಲಿ ದೊಡ್ಡ ಚರ್ಚೆಯಾದದ್ದು ಆಗ. ಒಂದೇ ಪತ್ರಿಕೆ ಓದಿದವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಪಕ್ಕಪಕ್ಕದಲ್ಲಿ ಇಟ್ಟು ನೋಡಿದ್ದಕ್ಕೆ ಸಿಕ್ಕಿಬಿತ್ತು.

ಮುಖಪುಟ ಹೇಳದ ಲೆಕ್ಕ

ಮತ್ತೆ 1983ರ ಕರ್ನಾಟಕಕ್ಕೆ ಬರೋಣ. ಸೋತ ಕಾಂಗ್ರೆಸ್ಸಿಗೆ ಬಿದ್ದ ಮತ ಶೇ 40ರಷ್ಟು. ಗೆದ್ದ ಜನತಾ ಪಕ್ಷಕ್ಕೆ ಶೇ 33ರಷ್ಟು. ಜನತಾ ಪಕ್ಷ ಎಲ್ಲ ಕ್ಷೇತ್ರಗಳಲ್ಲಿ ನಿಂತಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ‘ಜನ ಕಾಂಗ್ರೆಸ್ಸನ್ನು ತಿರಸ್ಕರಿಸಿದರು’ ಎನ್ನುವುದು ಅರ್ಧ ಮಾತು ಮಾತ್ರ. ಹತ್ತರಲ್ಲಿ ನಾಲ್ವರು ಅದಕ್ಕೇ ಒತ್ತಿದ್ದರು.

ಇದು ಆ ಒಂದು ಸಲದ ಮಾತಲ್ಲ. 2008ರಲ್ಲಿ ಬಿಜೆಪಿ 110 ಗೆದ್ದಾಗ, 80 ಗೆದ್ದ ಕಾಂಗ್ರೆಸ್ಸಿಗೆ ಒಟ್ಟು ಮತ ಒಂದು ಹಿಡಿ ಹೆಚ್ಚೇ ಇತ್ತು. 2018ರಲ್ಲಿ ಬಿಜೆಪಿ 104 ಗೆದ್ದು ದೊಡ್ಡ ಪಕ್ಷವಾಯಿತು, ಮತ ಹೆಚ್ಚು ಬಿದ್ದದ್ದು ಆಗಲೂ ಕಾಂಗ್ರೆಸ್ಸಿಗೆ. ಆ ಸಲ ‘ಗೆಲುವು’ ಎಂದು ಬರೆದ ಮೂರನೇ ದಿನಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. 2023ರಲ್ಲಿ ಕಾಂಗ್ರೆಸ್ 135ಕ್ಕೆ ಏರಿತು, ಬಿಜೆಪಿ 66ಕ್ಕೆ ಇಳಿಯಿತು. ಆದರೆ ಬಿಜೆಪಿಯ ಮತ ಶೇ 36ರ ಆಸುಪಾಸಿನಲ್ಲೇ ನಿಂತಿತ್ತು. ಹೆಚ್ಚು ಮತ ಕಳೆದುಕೊಂಡದ್ದು ಜೆಡಿಎಸ್. ‘ಅಲೆ’ ಎಂದು ಬರೆದರೂ, ‘ಬಿಜೆಪಿಯ ಮತ ಕದಲಿಲ್ಲ’ ಎಂದು ಬರೆದರೂ ಅಂಕಿ ಎರಡಕ್ಕೂ ಸಾಕ್ಷಿ ಹೇಳುತ್ತದೆ. ಪತ್ರಿಕೆ ಯಾವ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿತು, ಯಾವುದನ್ನು ಒಳಪುಟಕ್ಕೆ ತಳ್ಳಿತು ಎಂಬುದರಲ್ಲೇ ಅದರ ಅಭಿಪ್ರಾಯವಿದೆ.

ಒಳಪುಟ ಎಂದಾಗ ಇನ್ನೊಂದು ನೆನಪಾಗುತ್ತದೆ. 1983ರ ಗೆದ್ದವರ ಉದ್ದ ಪಟ್ಟಿಯಲ್ಲಿ ಇಬ್ಬರು ಹೊಸಬರಿದ್ದರು. ಶಿಕಾರಿಪುರದಿಂದ ಬಿಜೆಪಿಯ ಬಿ.ಎಸ್. ಯಡಿಯೂರಪ್ಪ, ಚಾಮುಂಡೇಶ್ವರಿಯಿಂದ ಭಾರತೀಯ ಲೋಕದಳದ ಸಿದ್ದರಾಮಯ್ಯ. ಮುಂದಿನ ನಾಲ್ಕು ದಶಕದ ರಾಜಕೀಯ ಆ ಪಟ್ಟಿಯೊಳಗೆ ಕೂತಿತ್ತು. ಮುಖ್ಯಮಂತ್ರಿಯಾದ ಹೆಗಡೆಯವರ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ. ಅವರು ಆಗ ವಿಧಾನಸಭೆಗೆ ನಿಂತೇ ಇರಲಿಲ್ಲ, ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು.

ನಮಗೇನು?

ಯಾರು ಯಾಕೆ ಗೆದ್ದರೆಂದು ಪತ್ರಿಕೆ ಏನಾದರೂ ಬರೆದುಕೊಳ್ಳಲಿ, ನಮಗೇನು ಎಂದು ಕೇಳಬಹುದು. ಆದರೆ ವೋಟು ಹಾಕಿದ್ದು ನಾವು. ಯಾಕೆ ಹಾಕಿದೆವು ಎಂದು ಬರೆಯುವುದು ಬೇರೆಯವರು. ನಮ್ಮೂರಿನ ಜನ ನೀರಿಗಾಗಿ ಒತ್ತಿದ ಮತವನ್ನು ‘ಜಾತಿ ಲೆಕ್ಕಾಚಾರ’ ಎಂದು ಬರೆದರೆ, ಸರ್ಕಾರ ಹುಡುಕುವುದು ನಮ್ಮ ಜಾತಿಯ ಮಂತ್ರಿಯನ್ನು, ನೀರನ್ನಲ್ಲ.

1983ರ ಗೆಲುವನ್ನು ಹಳ್ಳಿಯ ಮಾತಾಗಿ ಕೇಳಿಸಿಕೊಂಡವರು ಆ ಸರ್ಕಾರದೊಳಗೆ ಇದ್ದರು. ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದರು. ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆ ಬಂತು, 1987ರಲ್ಲಿ ಅವಕ್ಕೆ ಚುನಾವಣೆ ನಡೆಯಿತು. ಆ ಗೆಲುವು ಬರೀ ದೆಹಲಿಗೆ ಬಿದ್ದ ಪೆಟ್ಟು ಎಂದುಕೊಂಡಿದ್ದವರಿಗೆ ಈ ಕೆಲಸ ಹೊಳೆಯುತ್ತಿರಲಿಲ್ಲ.

ಈಗ ನಾಲ್ಕು ಪತ್ರಿಕೆ ಕೊಳ್ಳುವ ಖರ್ಚಿಲ್ಲ. ಫೋನಿನಲ್ಲೇ ಸಿಗುತ್ತವೆ. ಮುಂದಿನ ಫಲಿತಾಂಶದ ದಿನ ಎರಡು ಪತ್ರಿಕೆ ತೆರೆಯಿರಿ, ಒಂದು ನಿಮಗೆ ಒಪ್ಪಿಗೆಯಾಗುವುದು, ಒಂದು ಒಪ್ಪಿಗೆಯಾಗದ್ದು. ಸೀಟಿನ ಜೊತೆ ಮತದ ಪಾಲನ್ನೂ ನೋಡಿ. ‘ಜನ ಹೀಗೆ ತೀರ್ಮಾನಿಸಿದರು’ ಎಂಬ ಸಾಲು ಬಂದರೆ, ವರದಿಗಾರ ಯಾವ ಜನರನ್ನು, ಯಾವ ಊರಲ್ಲಿ ಮಾತಾಡಿಸಿದ ಎಂದು ಹುಡುಕಿ. ಆಮೇಲೆ ನಿಮ್ಮ ಬೂತಿನ ಲೆಕ್ಕ ತೆಗೆದು, ನಿಮ್ಮೂರಿನವರು ಯಾಕೆ ಹಾಗೆ ಒತ್ತಿದರೆಂದು ಅರಳಿಕಟ್ಟೆಯಲ್ಲಿ ಕೇಳಿ. ಪತ್ರಿಕೆ ಹೇಳಿದ ಕಾರಣವೂ ಕಟ್ಟೆಯಲ್ಲಿ ಕೇಳಿದ ಕಾರಣವೂ ಬೇರೆಯಾದರೆ, ಎರಡು ಸಾಲು ಪತ್ರ ಬರೆದು ಸಂಪಾದಕರಿಗೆ ಕಳಿಸಿ. ವಾಚಕರ ವಾಣಿಗೆ ಜಾಗ ಇನ್ನೂ ಇದೆ.