ಹನ್ನೊಂದರಿಂದ ಆರಂಭವಾದ ಎಣಿಕೆ

ಅಮರ ಚಿತ್ರಕಥಾ ಮಾಲೆಯ ಇಂಗ್ಲಿಷ್ ಪುಸ್ತಕಗಳನ್ನು ಕ್ರಮಸಂಖ್ಯೆಯ ಪ್ರಕಾರ ಜೋಡಿಸಿಡಬೇಕೆಂಬ ಹಂಬಲ ಹುಟ್ಟಿದ ಬಾಲಕನಿಗೆ ಮೊದಲ ದಿನವೇ ಒಂದು ವಿಸ್ಮಯ ಎದುರಾಗುತ್ತದೆ. ಆ ಮಾಲೆಯ ಆದಿಪುಸ್ತಕವೆಂದು ಎಲ್ಲರೂ ಹೇಳುವ ‘ಕೃಷ್ಣ’ದ ಸಂಖ್ಯೆ ಒಂದಲ್ಲ, ಹನ್ನೊಂದು. ನನ್ನ ತಗಡಿನ ಪೆಟ್ಟಿಗೆಯಲ್ಲಿ ಆ ಪುಸ್ತಕದ ಮುಂದೆ ಹತ್ತು ಪುಸ್ತಕಗಳಿಗೆ ಸಾಲುವಷ್ಟು ಎಡೆಯನ್ನು ಬಿಟ್ಟು, ಪ್ರತಿ ಬೇಸಿಗೆಯ ರಜೆಯಲ್ಲಿಯೂ ಬಾಡಿಗೆ ಲೈಬ್ರರಿಯ ಯಜಮಾನರನ್ನು ‘ಆ ಹತ್ತು ಬಂದವೇ?’ ಎಂದು ಕೇಳಿ ಬರಿಗೈಯಲ್ಲಿ ಮರಳುತ್ತಿದ್ದ ದಿನಗಳು ಇಂದಿಗೂ ನನ್ನ ಮನಸ್ಸಿನಿಂದ ಮಾಸಿಲ್ಲ. ಅವು ಕನ್ನಡದಲ್ಲಿದ್ದುವೆಂಬ ಸಂಗತಿ ನನಗೆ ತಿಳಿದುದು ಬಹುಕಾಲದ ಮೇಲೆ.

ಇಂಡಿಯಾ ಬುಕ್ ಹೌಸ್ ಎಂಬ ಪ್ರಕಾಶನ ಸಂಸ್ಥೆಯಲ್ಲಿ, ಬೆಂಗಳೂರಿನಲ್ಲಿದ್ದುಕೊಂಡು ದುಡಿಯುತ್ತಿದ್ದ ಜಿ. ಕೆ. ಅನಂತರಾಂ ಅವರು ತಾವೇ ಹೇಳಿರುವಂತೆ, ಅಮರ ಚಿತ್ರಕಥೆ ಮೊದಲು ಅಚ್ಚಾದುದು 1965ರಲ್ಲಿ, ಕನ್ನಡದಲ್ಲಿ. ಇಂಗ್ಲಿಷಿನ ಎಣಿಕೆ ಹನ್ನೊಂದರಿಂದ ಆರಂಭವಾಗುವುದಕ್ಕೆ ಕಾರಣವೂ ಅದೇ. ಆ ಹತ್ತರ ವಸ್ತುವಾದರೋ ನಮ್ಮ ನೆಲದ್ದಲ್ಲ. ಸಿಂಡರೆಲಾ, ಪಿನೋಕಿಯೊ ಮೊದಲಾದ ಪಾಶ್ಚಾತ್ಯ ಕಥೆಗಳು ಅವು. ಆದರೆ ಪರದೇಶದ ಆ ರಾಜಕುಮಾರಿಯರೂ ಮರದ ಬೊಂಬೆಯೂ ನಮ್ಮ ಮಕ್ಕಳೊಡನೆ ಕನ್ನಡದಲ್ಲಿ ಮಾತನಾಡಿದರು, ಮಕ್ಕಳು ಅವರನ್ನು ಆದರದಿಂದ ಬರಮಾಡಿಕೊಂಡರು. ಪುಸ್ತಕಗಳು ಚೆನ್ನಾಗಿ ಮಾರಾಟವಾದುದನ್ನು ಕಂಡ ಬಳಿಕವೇ ಮುಂಬಯಿಯ ಪ್ರಧಾನ ಕಚೇರಿಗೆ ಈ ಉದ್ಯಮದಲ್ಲಿ ಭರವಸೆ ಹುಟ್ಟಿತೆಂಬುದು ಅನಂತರಾಂ ಅವರ ಮಾತು.

ಮುಂಬಯಿಯಲ್ಲಿ ಆ ಕಾರ್ಯವನ್ನು ವಹಿಸಿಕೊಂಡವರು ಅನಂತ ಪೈ. 1929ರಲ್ಲಿ ಕಾರ್ಕಳದಲ್ಲಿ ಜನಿಸಿ, ಎರಡನೆಯ ವಯಸ್ಸಿಗೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡರ ಪ್ರಾಯದಲ್ಲಿ ಮುಂಬಯಿಗೆ ಹೋಗಿ ರಸಾಯನಶಾಸ್ತ್ರವನ್ನು ವ್ಯಾಸಂಗ ಮಾಡಿದವರು. ಟೈಮ್ಸ್ ಆಫ್ ಇಂಡಿಯಾ ಬಳಗವು 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಹೊರತಂದು ಫ್ಯಾಂಟಮನನ್ನು ಭಾರತದ ಮನೆಮನೆಗೆ ಕರೆತಂದಾಗ ಅವರು ಅಲ್ಲಿಯೇ ಕೆಲಸದಲ್ಲಿದ್ದರು. 1967ರಲ್ಲಿ ದೆಹಲಿಯ ಅಂಗಡಿಯೊಂದರಲ್ಲಿದ್ದ ದೂರದರ್ಶನ ಯಂತ್ರದಲ್ಲಿ ಅವರು ಒಂದು ರಸಪ್ರಶ್ನೆಯ ಕಾರ್ಯಕ್ರಮವನ್ನು ನೋಡಿದರು. ಗ್ರೀಕ್ ದೇವತೆಗಳ ವಿಷಯವಾಗಿ ಥಟ್ಟನೆ ಉತ್ತರ ಹೇಳಿದ ವಿದ್ಯಾರ್ಥಿಗಳು ಶ್ರೀರಾಮನ ತಾಯಿಯ ಹೆಸರೇನೆಂಬ ಪ್ರಶ್ನೆಗೆ ನಿರುತ್ತರರಾದುದು ಅವರ ಮನಸ್ಸನ್ನು ನೋಯಿಸಿತು. ಆ ವ್ಯಥೆಯ ಫಲವಾಗಿ, ರಾಮ್ ವಾಯೀರ್‌ಕರ್ ಅವರ ಕುಂಚದಿಂದ ‘ಕೃಷ್ಣ’ ಮೂಡಿಬಂದಿತು. ಹಣದ ಮುಗ್ಗಟ್ಟಿನಿಂದಾಗಿ ಆರಂಭದ ಪುಸ್ತಕಗಳಲ್ಲಿ ಹಳದಿ, ನೀಲಿ, ಹಸಿರು ಬಣ್ಣಗಳನ್ನಷ್ಟೇ ಬಳಸಿದ್ದರು. ಪೂರ್ಣವರ್ಣ ಬಂದುದು ಅನಂತರ. ಕ್ರಮೇಣ ಪುರಂದರದಾಸರೂ ಬಸವೇಶ್ವರರೂ ಆ ಮಾಲೆಯಲ್ಲಿ ಸ್ಥಾನ ಪಡೆದರು. 1980ರಲ್ಲಿ ‘ಟಿಂಕಲ್’ ಎಂಬ ಮಕ್ಕಳ ಪತ್ರಿಕೆಯೂ ಪೈ ಅವರ ಸಂಪಾದಕತ್ವದಲ್ಲಿ ಹೊರಟಿತು.

ಚಿತ್ರಕಥೆಯೆಂಬುದು ಪಶ್ಚಿಮದಿಂದ ಬಂದ ವ್ಯಸನ, ಅದರಿಂದ ಮಕ್ಕಳ ಓದು ಕೆಡುತ್ತದೆ ಎಂದು ನನ್ನ ಬಾಲ್ಯದಲ್ಲಿ ಹಿರಿಯರು ಹೇಳುತ್ತಿದ್ದರು. ಆ ಮಾತನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪಲಾರೆ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ, ಹೊಯ್ಸಳ ವೀರಬಲ್ಲಾಳನ ಆಳ್ವಿಕೆಯಲ್ಲಿ, 1196ರಲ್ಲಿ ನಿರ್ಮಾಣವಾದ ಅಮೃತೇಶ್ವರ ದೇವಾಲಯದ ಮಂಟಪದ ಗೋಡೆಯನ್ನು ಕಣ್ಣಾರೆ ಕಂಡವರು ಯಾರೂ ಒಪ್ಪಲಾರರು. ದಕ್ಷಿಣದ ಗೋಡೆಯಲ್ಲಿ ರಾಮಾಯಣಕ್ಕೆ 70 ಫಲಕಗಳು, ಉತ್ತರದ ಗೋಡೆಯಲ್ಲಿ ಕೃಷ್ಣಲೀಲೆಗೆ 25, ಮಹಾಭಾರತಕ್ಕೆ 45. ಒಟ್ಟು 140 ಚೌಕಟ್ಟುಗಳಲ್ಲಿ, ಒಂದರ ಪಕ್ಕದಲ್ಲೊಂದು, ಶಿಲ್ಪಿಗಳು ಕಥೆ ಹೇಳಿದ್ದಾರೆ. ಚಿಕ್ಕಂದಿನಲ್ಲಿ ಅಜ್ಜ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಾಗ, ವಾಡಿಕೆಯಂತೆ ಪ್ರದಕ್ಷಿಣೆಯಾಗಿ ನಡೆಯುತ್ತ ದಕ್ಷಿಣದ ಗೋಡೆಯನ್ನು ನೋಡಿಕೊಂಡು ಬಂದ ನನಗೆ ಯುದ್ಧ ಮೊದಲು, ವನವಾಸ ಆಮೇಲೆ ಎಂಬಂತೆ ಕಥೆಯೆಲ್ಲ ಹಿಂದುಮುಂದಾಗಿ ತೋರಿ ತಲೆ ಕೆಟ್ಟಿತು. ‘ಪುಟ್ಟಾ, ಇಲ್ಲಿ ರಾಮಾಯಣವನ್ನು ಎಡಕ್ಕೆ ಸುತ್ತಿ ಓದಬೇಕು ಕಣೋ, ಆ ಕೊನೆಯಿಂದ ಬಾ’ ಎಂದು ಅಜ್ಜ ನಕ್ಕರು. ಹೊಯ್ಸಳರ ಗುಡಿಗಳಲ್ಲಿ ಅಪೂರ್ವವಾದ ಈ ಅಪ್ರದಕ್ಷಿಣ ಕ್ರಮವನ್ನು ಅನುಸರಿಸಿ ಮರಳಿ ನಡೆದಾಗ, ಫಲಕದಿಂದ ಫಲಕಕ್ಕೆ ಕಥೆ ತಾನಾಗಿ ಬಿಚ್ಚಿಕೊಂಡಿತು. ಒಂದು ಚೌಕಟ್ಟಿಗೂ ಮತ್ತೊಂದಕ್ಕೂ ನಡುವೆ ಬಿಟ್ಟುಹೋದುದನ್ನು ನೋಡುವವನ ಕಲ್ಪನೆಯೇ ತುಂಬಿಕೊಳ್ಳಬೇಕು. ಚಿತ್ರಕಥೆಯ ಜೀವಾಳವೆಲ್ಲ ಇದೇ ಅಲ್ಲವೆ? ದಶಾವತಾರದ ಗಂಜೀಫ ಆಟದಲ್ಲಿಯೂ, ಅವತಾರಕ್ಕೆ ಹನ್ನೆರಡರಂತೆ 120 ದುಂಡನೆಯ ಎಲೆಗಳನ್ನು ಕೈಯಲ್ಲಿ ಹಿಡಿದು ಆಡುತ್ತ ಆಡುತ್ತಲೇ ಮತ್ಸ್ಯ, ಕೂರ್ಮ, ವರಾಹರು ಬಾಯಿಪಾಠವಾಗುತ್ತಿದ್ದರೆಂಬುದನ್ನು ನೆನೆದರೆ, ಚಿತ್ರದ ಮೂಲಕ ಕಥೆಯನ್ನು ಕಲಿಯುವುದು ನಮ್ಮವರಿಗೆ ಎಷ್ಟು ಸಹಜವಾಗಿತ್ತೆಂಬುದು ವಿದಿತವಾಗುತ್ತದೆ.

ಅಚ್ಚಿನ ಚಿತ್ರಕಥೆಯಲ್ಲಿ ಕನ್ನಡ ಎದುರಿಸಿದ ಕಷ್ಟವೊಂದನ್ನು ಮಾತ್ರ ಕಲ್ಲಿನ ಶಿಲ್ಪಿ ಅರಿಯ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರದವು. ಅವುಗಳ ಅಳತೆಗೆಂದು ಬರೆದ ಮಾತಿನ ಬಲೂನಿನೊಳಗೆ ಸಾಲುಗಳು ಒತ್ತೊತ್ತಾಗಿ ಕುಳಿತುಕೊಳ್ಳುತ್ತವೆ. ನಮ್ಮ ಅಕ್ಷರಕ್ಕಾದರೋ ಮೇಲೆ ಗುಡಿಸು, ಕೆಳಗೆ ಒತ್ತು. ‘ಶಸ್ತ್ರಾಸ್ತ್ರ’ ಎಂಬ ಒಂದು ಪದವನ್ನು ಬರೆದು ನೋಡಿ. ಅದರ ಒತ್ತುಗಳು ಕೆಳಗಿನ ಸಾಲಿನ ಗುಡಿಸಿನ ಮೇಲೆಯೇ ಕಾಲೂರುತ್ತವೆ. ಅನುವಾದಕನು ಮಾತನ್ನು ಮೊಟಕುಮಾಡಬೇಕು, ಇಲ್ಲವೆ ಅಕ್ಷರವನ್ನು ಸಾಸಿವೆಯಷ್ಟಾಗಿಸಬೇಕು. ನನ್ನಲ್ಲಿರುವ ಹಳೆಯ ಪುಸ್ತಕಗಳಲ್ಲಿ, ರಾಜನು ಕೋಪದಿಂದ ಗರ್ಜಿಸುವ ಕಡೆಗಳಲ್ಲಿಯೂ ಅಕ್ಷರಗಳು ಬಲೂನಿನ ಅಂಚಿಗೆ ಅಂಟಿಕೊಂಡು ಉಸಿರುಗಟ್ಟಿ ನಿಂತಿರುವುದನ್ನು ನೋಡಿದಾಗಲೆಲ್ಲ, ಅಷ್ಟು ಇಕ್ಕಟ್ಟಿನಲ್ಲಿಯೂ ಅರ್ಥ ಕೆಡದಂತೆ, ಮಗುವಿನ ಬಾಯಿಗೆ ತೊಡಕಾಗದಂತೆ ಮಾತು ಹೊಂದಿಸಿದ ಅನುವಾದಕನಿಗೆ ನಾನು ಮನಸಾರೆ ವಂದಿಸುತ್ತೇನೆ.

ಚಿತ್ರಕಾರರಿಗಂತೂ ಕನ್ನಡನಾಡಿನಲ್ಲಿ ಬರವಿರಲಿಲ್ಲ. ‘ರಾಶಿ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಡಾಕ್ಟರ್ ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನು ಬರೆದುಕೊಟ್ಟ ಮೈಸೂರಿನ ತರುಣ ಆರ್. ಕೆ. ಲಕ್ಷ್ಮಣರೇ ಮುಂದೆ ಶ್ರೀಸಾಮಾನ್ಯನ ಸೃಷ್ಟಿಕರ್ತರಾಗಿ ದೇಶಕ್ಕೆಲ್ಲ ಬೇಕಾದವರಾದರು. ಅವರ ಅಣ್ಣ, ಕಥೆಗಾರ ಆರ್. ಕೆ. ನಾರಾಯಣರ ‘ಮಾಲ್ಗುಡಿ ಡೇಸ್’ ಶಂಕರನಾಗರ ನಿರ್ದೇಶನದಲ್ಲಿ ಆಗುಂಬೆಯಲ್ಲಿ ಚಿತ್ರೀಕರಣಗೊಂಡು 1980ರ ದಶಕದಲ್ಲಿ ದೂರದರ್ಶನದಲ್ಲಿ ಪ್ರಸಾರವಾದಾಗ, ಆರಂಭದಲ್ಲಿ ತೆರೆಯ ಮೇಲೆ ಮೂಡುತ್ತಿದ್ದ ರೇಖೆಗಳು ಲಕ್ಷ್ಮಣರವೇ. ಕಥೆಯ ರೈಲು ನಿಂತದ್ದು ಶಿವಮೊಗ್ಗ ಜಿಲ್ಲೆಯ ಅರಸಾಳಿನ ನಿಲ್ದಾಣದಲ್ಲಿ. ಊರು ನಮ್ಮದು, ಮಳೆ ನಮ್ಮದು, ಕಥೆಯ ಬಾಲಕ ಸ್ವಾಮಿಯಾಗಿ ಓಡಾಡಿದ ಮಾಸ್ಟರ್ ಮಂಜುನಾಥ್ ನಮ್ಮ ಹುಡುಗ. ಆದರೆ ನಾವು ನೋಡಿದ ಸ್ವಾಮಿಯ ಬಾಯಲ್ಲಿ ಬಂದುದು ಹಿಂದಿ. 1965ರಲ್ಲಿ ಚಿತ್ರ ಪರರದು, ಮಾತು ನಮ್ಮದಾಗಿದ್ದಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಚಿತ್ರ ನಮ್ಮದಾಗಿ ಮಾತು ಪರರದಾಯಿತು. ಕಿರುತೆರೆಯ ಕಾರ್ಟೂನುಗಳ ಗತಿಯೂ ಹಾಗೆಯೇ. ಕನ್ನಡ ಚಿತ್ರರಂಗ ದಶಕಗಳ ಕಾಲ ಡಬ್ಬಿಂಗನ್ನು ವಿರೋಧಿಸುತ್ತ ಬಂದುದರಿಂದ, ತಮ್ಮ ಮೆಚ್ಚಿನ ವೀರರನ್ನು ನಮ್ಮ ಮಕ್ಕಳು ಅನ್ಯಭಾಷೆಯಲ್ಲಿಯೇ ಕಾಣಬೇಕಾಯಿತು. ಕನ್ನಡದಲ್ಲಿ ಮಾತನಾಡುವ ಕಾರ್ಟೂನುಗಳಿಗೆಂದೇ ಮೀಸಲಾದ ಚಿಂಟು ವಾಹಿನಿ ಬಂದುದು 2009ರಲ್ಲಿ. ಕಲಾವಿದರ ಅನ್ನದ ಪ್ರಶ್ನೆ ಆ ವಿರೋಧದ ಹಿಂದಿತ್ತೆಂಬುದನ್ನು ನಾನು ಬಲ್ಲೆ, ಗೌರವಿಸುತ್ತೇನೆ. ಆದರೂ ಮಕ್ಕಳ ಮಟ್ಟಿಗೆ ಅದು ನಷ್ಟವೆಂದೇ ನನ್ನ ತೀರ್ಮಾನ. ಆಟದ ಹೊತ್ತಿನಲ್ಲಿ ಮಗು ಯಾವ ಭಾಷೆಯಲ್ಲಿ ಕತ್ತಿ ಝಳಪಿಸುತ್ತದೆಯೋ ಆ ಭಾಷೆಯೇ ಅದರ ಕನಸಿನೊಳಕ್ಕೂ ಇಳಿಯುತ್ತದೆ.

ಅರಸಾಳಿನ ಹಳೆಯ ನಿಲ್ದಾಣ 2020ರಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವಾಯಿತು. ನೋಡಿ ಬಂದ ನನಗೆ ಪರಮಸಂತೋಷವಾಯಿತು. ಅಂಥದೊಂದು ಆಶ್ರಯ ಆ ಹತ್ತು ಕನ್ನಡ ಪುಸ್ತಕಗಳಿಗೂ ದೊರೆಯಬೇಕು. ಮಕ್ಕಳ ಕೈಯಲ್ಲಿ ಹರಿದು, ರಟ್ಟು ಕಳಚಿ, ಕಡೆಗೆ ರದ್ದಿಯವನ ತಕ್ಕಡಿಯನ್ನೇರುವುದು ಇಂಥ ಪುಸ್ತಕಗಳ ಹಣೆಬರಹ. ನನ್ನ ಪೆಟ್ಟಿಗೆಯಲ್ಲಿ ಹತ್ತು ಪುಸ್ತಕಗಳ ಆ ಎಡೆ ಇನ್ನೂ ಹಾಗೆಯೇ ಇದೆ. ವಾಚಕ ಮಹಾಶಯರೇ, ನಿಮ್ಮ ಮನೆಯ ಅಟ್ಟವನ್ನು ಒಮ್ಮೆ ಹತ್ತಿ ನೋಡಿ. ಅಜ್ಜಿಯ ಟ್ರಂಕಿನ ತಳದಲ್ಲಿ ಕನ್ನಡದ ಸಿಂಡರೆಲಾ ಒಬ್ಬಳು ಸಿಕ್ಕಿದರೆ, ಮುಖಪುಟವಿಲ್ಲದಿದ್ದರೂ ಚಿಂತೆಯಿಲ್ಲ, ಅವಳನ್ನು ರದ್ದಿಗೆ ಹಾಕಬೇಡಿ. ನಿಮ್ಮ ಊರಿನ ಗ್ರಂಥಾಲಯಕ್ಕೆ ಒಪ್ಪಿಸಿ.